ಲೀಲಕ್ಕನ ಕೈಗುಣ

ಲೀಲಕ್ಕ, ಆ ಗಿಡಗಳನ್ನು ಕೊಳೆಸಿದ್ದು ನೀವಲ್ಲ, ನಾನು. ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ — ನಿಮ್ಮನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಪ್ರೀತಿ ಹುಟ್ಟಿ ಬರೆಯುತ್ತಿರುವುದಲ್ಲ ಇದು.

ಬೆಳ್ತಂಗಡಿಯ ಅಜಿತಣ್ಣನ ಗಿಡದ ಅಂಗಡಿಗೆ ನಾನು ಬಂದದ್ದು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್‌ಗಳನ್ನು — ಮನೆಯೊಳಗೆ, ಕಿಟಕಿಯ ಪಕ್ಕ ಇಡುವ ಗಿಡಗಳನ್ನು — ಅವರು ಆಗಷ್ಟೇ ಮಾರತೊಡಗಿದ್ದರು. ಪ್ರತಿ ಶನಿವಾರ ಮೂಡುಬಿದಿರೆಯಲ್ಲಿ ಬಸ್ಸು ಹತ್ತಿ, ವೇಣೂರು ದಾಟಿ ಬಂದು, ಯಾವ ಗಿಡಕ್ಕೆ ಏನಾಗಿದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ಉಳಿದ ದಿನ ಅವನ್ನು ನೋಡಿಕೊಳ್ಳುತ್ತಿದ್ದವರು ನೀವು. ನಿಮ್ಮೂರು ಲಾಯಿಲದಲ್ಲಿ ಯಾರು ಮಲ್ಲಿಗೆ ನೆಡುವುದಿದ್ದರೂ ಮೊದಲ ಗೆಲ್ಲನ್ನು ನಿಮ್ಮಿಂದಲೇ ಊರಿಸುತ್ತಾರೆ, ನಿಮ್ಮ ಕೈಗುಣ ಅಂಥದ್ದು ಎಂದು ಅಜಿತಣ್ಣ ಮೊದಲ ದಿನವೇ ಹೇಳಿದ್ದರು. ನಾನು ನಕ್ಕೆ. ನಕ್ಕದ್ದನ್ನು ನೀವು ನೋಡಿದಿರಿ. ಅಲ್ಲಿಂದಲೇ ಶುರುವಾದದ್ದಿರಬೇಕು.

"ಎಂತ ಮೇಡಂ, ಗಿಡಕ್ಕೆ ಸರ್ಟಿಫಿಕೇಟ್ ತೋರಿಸಿದ್ರಾ? ಓದ್ಲಿಕ್ಕೆ ಬರ್ತದಾ ಅದಕ್ಕೆ?" ಎಂದು ಗಿರಾಕಿಗಳ ಎದುರಿಗೇ ಕೇಳುತ್ತಿದ್ದಿರಿ. ಅವರು ನಗುತ್ತಿದ್ದರು. ನಾನು ಎದುರು ಮಾತಾಡುವವಳಲ್ಲ. ಒಳಗೆ ಇಟ್ಟುಕೊಳ್ಳುವವಳು.

ಆ ಮೇ ತಿಂಗಳಲ್ಲಿ ಎಚೆವೇರಿಯಾ ಬಂದವು, ಗುಲಾಬಿಯ ಹಾಗೆ ಎಲೆ ಜೋಡಿಸಿಕೊಂಡ ಗಿಡಗಳು. ಒಂದು ಮದುವೆಯಲ್ಲಿ ಅತಿಥಿಗಳಿಗೆ ಕೊಡಲೆಂದು ಯಾರೋ ಮೊದಲೇ ಹೇಳಿಟ್ಟಿದ್ದರು. ಕುಂಡಕ್ಕೆ ನಾನು ಹೇಳಿದ ಮಿಶ್ರಣದಲ್ಲಿ ಮುಕ್ಕಾಲು ಪಾಲು ತೆಂಗಿನ ನಾರಿನ ಹುಡಿ. ಅದು ಯಾವುದೋ ಒಣ ಊರಿನವರು ಬರೆದ ಪಾಠ. ನಮ್ಮಲ್ಲಿ ಗೋಡೆಯೂ ಬೆವರುತ್ತದೆ ಎಂಬುದನ್ನು ನಾನು ಯೋಚಿಸಲಿಲ್ಲ. ನೀವು ಯೋಚಿಸಿದ್ದಿರಿ. ಬಂಟ್ವಾಳದ ತಂಗಿಯ ಮನೆಯಿಂದ ಒಡೆದ ಹಂಚು ತಂದು, ಕುಟ್ಟಿ, ಗೋಣಿ ತುಂಬಿಸಿ ಇಟ್ಟಿದ್ದಿರಿ.

"ಇದು ಸ್ಪಂಜಿನ ಹಾಗೆ ಉಂಟು ಮೇಡಂ, ಹಿಡಿದ ನೀರು ಬಿಡುದಿಲ್ಲ. ಅರ್ಧಕ್ಕರ್ಧ ಹಂಚಿನ ಚೂರು ಹಾಕುವ."

"ಹೇಳಿದಷ್ಟು ಮಾಡಿ," ಎಂದೆ.

"ಆಯ್ತು ಮಾರಾಯ್ತಿ. ಪುಸ್ತಕದ ಬದನೆಕಾಯಿಯಲ್ಲೇ ಸಾಂಬಾರು ಮಾಡುವ."

ಗೋಣಿಯನ್ನು ಹಿಂದಿನ ಗೋಡೆಗೆ ಒರಗಿಸಿಟ್ಟಿರಿ.

ಜೂನ್ ಕೊನೆಯ ಶನಿವಾರ ನಾನು ಬಂದಾಗ ಕೆಳಗಿನ ಎಲೆಗಳು ಹಳದಿಯಾಗಿ, ನೆನೆಸಿದ ಸಾಬಕ್ಕಿಯ ಹಾಗೆ ಪಾರದರ್ಶಕವಾಗಿದ್ದವು. ಬೆರಳು ತಾಗಿದರೆ ಉದುರುತ್ತಿದ್ದವು. ನೀರು ಸಾಲದಿದ್ದರೆ ಎಲೆ ಸುಕ್ಕುಗಟ್ಟುತ್ತದೆ, ತೆಳುವಾಗುತ್ತದೆ, ಇದು ಅದಲ್ಲ. ಒಂದನ್ನು ಕಿತ್ತೆ — ಬುಡ ಕಪ್ಪಾಗಿತ್ತು, ಬೇರು ಕೈಯಲ್ಲೇ ಕಳಚಿತು. ಮಿಶ್ರಣ ಮೇಲೆ ಒಣಗಿತ್ತು. ಒಳಗಿನದನ್ನು ಹಿಂಡಿದೆ, ಬೆರಳ ಸಂದಿಯಿಂದ ನೀರು ಇಳಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ನೀವು ನೀರು ಹಾಕಿದ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದಿರಿ. ತಿಂಗಳಿಡೀ ಎರಡೇ ಸುತ್ತು. ಕೊನೆಯದು ಹನ್ನೊಂದು ದಿನ ಹಿಂದಿನದು.

ಹನ್ನೊಂದು ದಿನ ಆ ನೀರನ್ನು ಹಿಡಿದಿಟ್ಟದ್ದು ನನ್ನ ಮಿಶ್ರಣ. ಆಮೇಲೆ ಯಾವಾಗಲೋ ಹೊಳೆಯಿತು ಎಂದು ಬರೆಯಬಹುದಿತ್ತು, ಆದರೆ — ಇಲ್ಲ. ಅಲ್ಲೇ, ಕೈ ಒದ್ದೆಯಿದ್ದಾಗಲೇ ಗೊತ್ತಾಗಿತ್ತು.

"ಎಂತ ಆಯ್ತು ಇದಕ್ಕೆ? ನಾಡಿದ್ದು ಕೊಡ್ಲಿಕ್ಕೆ ಉಂಟಲ್ಲ!" ಎಂದರು ಅಜಿತಣ್ಣ.

"ನೀರು ಹೆಚ್ಚಾಗಿದೆ," ಎಂದೆ.

ಸುಳ್ಳಲ್ಲ. ಪರೀಕ್ಷೆಯಲ್ಲಿ ಬರೆದರೆ ಪೂರ್ಣ ಅಂಕ ಸಿಗುವ ಉತ್ತರ. ಆದರೆ ಆ ಅಂಗಡಿಯಲ್ಲಿ ನೀರು ಹಾಕುವ ಕೈ ಒಂದೇ ಇತ್ತು — ಅಜಿತಣ್ಣ ನಿಮ್ಮ ಕಡೆ ತಿರುಗಿದರು. ತಿರುಗಲಿ ಎಂದೇ ಹೇಳಿದ್ದೆ.

ನೀವು ಕ್ಯಾಲೆಂಡರ್ ತೋರಿಸಿದಿರಿ. "ಸುತ್ತು ಹಾಕ್ಲಿಕ್ಕೆ ಎಂತ ಕಷ್ಟ?" ಎಂದರು ಅವರು. ನೀವು ನನ್ನನ್ನು ನೋಡಿದಿರಿ. "ನೀವು ಹೇಳಿ ಮೇಡಂ. ಈಗ ಹಿಂಡಿ ನೋಡಿದ್ರಲ್ಲ." ನಿಮ್ಮ ಮಾತಿನಲ್ಲಿ ಕುಹಕ ಇಲ್ಲದ್ದು ಅಂದು ಮಾತ್ರ.

ನಾನು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. "ಸೋಮವಾರದಿಂದ ಬರುದು ಬೇಡ" ಎಂದು ಅವರು ನಿಮಗೆ ಹೇಳಿದ್ದು ಅಲ್ಲಿಗೂ ಕೇಳಿಸಿತು.

ಮುಂದಿನ ಶನಿವಾರ ನೀವಿರಲಿಲ್ಲ, ಗೋಣಿ ಇತ್ತು. ಹಂಚಿನ ಚೂರನ್ನು ಅರ್ಧಕ್ಕರ್ಧ ಬೆರೆಸಿ ಹೊಸ ಗಿಡ ನೆಟ್ಟೆ. ಒಂದೂ ಕೊಳೆಯಲಿಲ್ಲ. "ಒಳ್ಳೆ ಕೈಗುಣ ಮೇಡಂ ನಿಮ್ಮದು" ಎಂದರು ಅಜಿತಣ್ಣ. ಈ ಸಲ ನಾನು ನಗಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಅಲ್ಲಿಗೆ ಮುಗಿಯಿತು, ನಿಮಗೆ ಬೇರೆ ಕೆಲಸ ಸಿಕ್ಕಿರುತ್ತದೆ ಎಂದುಕೊಂಡಿದ್ದೆ. ಕಳೆದ ತಿಂಗಳು ಲಾಯಿಲದ ಗೆಳತಿಯ ಮನೆಗೆ ಹೋದಾಗ ಅಂಗಳದಲ್ಲಿ ಮಲ್ಲಿಗೆಗೆ ಗುಂಡಿ ತೋಡಿದ್ದರು. "ಲೀಲಕ್ಕನ್ನ ಕರೆಯುವನಾ?" ಎಂದು ನೆರೆಮನೆಯವರು ಕೇಳಿದರು.

"ಬೇಡ ಮಾರಾಯ್ತಿ," ಎಂದರು ಗೆಳತಿಯ ಅತ್ತೆ. "ಅವಳ ಕೈಗುಣ ಹೋಗಿದೆ. ಮುಟ್ಟಿದ್ದೆಲ್ಲ ಕೊಳೀತದೆ. ಕಲಿತವರೇ ನೋಡಿ ಹೇಳಿದ್ದಂತೆ. ಈಗ ಅವಳನ್ನು ಯಾರೂ ಕರೆಯುದಿಲ್ಲ."

ಚಹಾದ ಲೋಟ ನನ್ನ ಕೈಯಲ್ಲಿತ್ತು. ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ — ಎರಡನೆಯ ಸಲ.

ಕೈಗುಣವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ನಿಮ್ಮನ್ನು ನಾಲ್ಕು ಮನೆಯ ಅಂಗಳಕ್ಕೆ ಮರ್ಯಾದೆಯಿಂದ ಕರೆಸುತ್ತಿದ್ದದ್ದು ಅದೊಂದೇ, ಅದನ್ನು —

ಮೊನ್ನೆ ಗುರುವಾಯನಕೆರೆಯ ಬಸ್ಸಿನಲ್ಲಿ ನಿಮ್ಮ ಪಕ್ಕದ ಸೀಟು ಖಾಲಿ ಇತ್ತು. ನನ್ನನ್ನು ನೋಡಿದ ಕೂಡಲೇ ಚೀಲವನ್ನು ಅದರ ಮೇಲೆ ಇಟ್ಟಿರಿ. ನಾನು ನಿಂತೇ ಬಂದೆ.

ನಿನ್ನೆ ಅಜಿತಣ್ಣನಿಗೆ ಎಲ್ಲ ಹೇಳಿದೆ. "ಹಳೇ ಕಥೆ, ಬಿಡಿ ಮೇಡಂ" ಎಂದರು. ಬಿಡುವುದಿಲ್ಲ. ಭಾನುವಾರ ಲಾಯಿಲಕ್ಕೆ ಬರುತ್ತೇನೆ, ಮೊದಲು ಆ ಮಲ್ಲಿಗೆ ಗುಂಡಿಯ ಮನೆಗೆ, ಆಮೇಲೆ ನಿಮ್ಮಲ್ಲಿಗೆ. ನನ್ನನ್ನು ಒಳಗೆ ಕರೆಯಬೇಕಾಗಿಲ್ಲ. ಬಾಗಿಲು ಹಾಕಿಕೊಂಡರೂ ಸರಿ. ಅಂಗಳದಲ್ಲೇ ನಿಂತು, ಅಕ್ಕಪಕ್ಕದ ಮನೆಗಳಿಗೆ ಕೇಳುವ ಹಾಗೆ ಹೇಳುತ್ತೇನೆ — ಕೊಳೆಸಿದ್ದು ನಾನು ಎಂದು. ಗಟ್ಟಿಯಾಗಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಒಂದು ಸಲಕ್ಕೆ ಕೇಳಿಸದಿದ್ದರೆ ಇನ್ನೊಂದು ಸಲ ಹೇಳುತ್ತೇನೆ.