ಹತ್ತು ರೊಟ್ಟಿಯ ಗಿರಾಕಿ

ಅವರ ಬಲಗೈ ತೋರುಬೆರಳು ಮೊದಲ ಗೆಣ್ಣಿನಿಂದ ಮುಂದೆ ಸೊಟ್ಟಗಿತ್ತು. ಆ ಬೆರಳಿನ ಉಗುರಿನಿಂದಲೇ ಖಡಕ್ ರೊಟ್ಟಿಗಳ ಅಂಚು ಸರಿಸಿ ಎಣಿಸುತ್ತಿದ್ದರು. ಒಂದೂ ಮುರಿಯುತ್ತಿರಲಿಲ್ಲ. ಹತ್ತಕ್ಕೆ ನಿಲ್ಲುತ್ತಿದ್ದರು. ನಾನು ಕಣ್ಣು ತಪ್ಪಿಸಿ ಹನ್ನೊಂದನೆಯದು ಇಟ್ಟಿದ್ದರೆ ಎಳೆದು ಹೊರಗಿಡುತ್ತಿದ್ದರು.

“ಇದು ಯಾರದ್ರೀ?”

“ನಿಮ್ದರೀ. ಇರ್ಲಿ, ತಗೋರಿ.”

“ಹಾಗಾದ್ರೆ ಇದರ ದುಡ್ಡೂ ತಗೊಳ್ಳಿ. ಇಲ್ಲಾಂದ್ರೆ ವಾಪಸ್ ಡಬ್ಬಿಗೆ ಹಾಕಿ.”

ಮೈಸೂರಿನವರು. ಮದುವೆಯಾಗಿರಲಿಲ್ಲ. ಎರ್ನಾಕುಲಂನಲ್ಲಿ ಒಬ್ಬ ಆಡಿಟರ್ ಕಚೇರಿಯಲ್ಲಿ ಜೀವಮಾನವೆಲ್ಲ ದುಡಿದು, ಆಮೇಲೆ ತಿರುವನಂತಪುರಕ್ಕೆ ಬಂದು ಪಟ್ಟಂನಲ್ಲಿ ತಮ್ಮನ ಮನೆಯ ಮಹಡಿಯಲ್ಲಿದ್ದರು. ನಾನು ಆಡಿಟಮ್ಮ ಅನ್ನುತ್ತಿದ್ದೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಅನ್ನ ಬಿಡಿಸಿದ ಮೇಲೆ ನನ್ನ ಬಾಗಿಲಿಗೆ ಬಂದವರು. ಮೊದಲ ದಿನ ರೊಟ್ಟಿಯನ್ನು ಬೆಳಕಿಗೆ ಹಿಡಿದು, “ಇದೇನ್ರೀ, ಹಪ್ಪಳಾನಾ? ಕರೀಬೇಕಾ?” ಅಂದರು. “ಹಲ್ಲಿದ್ರ ಸಾಕ್ರಿ” ಅಂದೆ. ನಕ್ಕರು.

ನಾನು ಗದಗಿನ ಕಡೆಯವಳು, ನಾಲ್ಕನೇ ಇಯತ್ತೆಯನ್ನೂ ಮುಗಿಸಿದವಳಲ್ಲ. ಬ್ಯಾಂಕಿನ ನೌಕರಿಯ ಮಗಳ ಜೊತೆ ಇಲ್ಲಿಗೆ ಬಂದೆ, ಸುಮ್ಮನೆ ಕೂರಲಾಗದೆ ರೊಟ್ಟಿ ಬಡಿಯತೊಡಗಿದೆ. ನಮ್ಮ ಕಡೆಯ ಬ್ಯಾಂಕಿನವರು, ಐಟಿ ಪಾರ್ಕಿನ ಹುಡುಗರು ಒಯ್ಯುತ್ತಿದ್ದರು. ಎಲ್ಲರೂ ಒಳಗೆ ಬಂದು ಕೂತು ಚಹಾ ಕುಡಿದು ಹೋಗುತ್ತಿದ್ದರು. ಆಡಿಟಮ್ಮ ಮಾತ್ರ ಎಂಟು ವರ್ಷ ಮೆಟ್ಟಿಲ ಮೇಲೇ ನಿಂತರು.

“ಒಳಗ ಬರ್ರಿ, ನಾ ಏನ್ ನಿಮ್ಮನ್ನ ತಿಂತೀನೇನು?”

“ನಾನು ಗಿರಾಕಿ ಕಣ್ರೀ. ಒಳಗೆ ಬಂದು ಕೂತ್ರೆ ನೀವು ದುಡ್ಡು ತಗೊಳ್ಳೋಕೆ ಸಂಕೋಚ ಪಡ್ತೀರಿ.”

ಅಲ್ಲಿ ನಿಂತೇ ಎರಡು ಮಾತು ಹೇಳುತ್ತಿದ್ದರು. ಒಂದು, ಮೆಟ್ಟಿಲಿಗೆ ಪಾಚಿ ಕಟ್ಟಿದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಇನ್ನೊಂದು, ಮಗಳು ಮಾಡಿಸಿದ ಮನೆಯ ವಿಮೆ ಸಾಲದು, ಮನೆಯಲ್ಲೇ ನಡೆಯುವ ವ್ಯಾಪಾರಕ್ಕೆ ಬೇರೆ ವಿಮೆ ಇರುತ್ತದೆ, ಮಾಡಿಸಿ.

“ರೊಟ್ಟಿ ಬಡಿಯೂದಕ್ಕ ಎಂಥಾ ವಿಮಾರೀ? ಇದೇನು ವ್ಯಾಪಾರಾನೂ ಅಲ್ಲ, ಮಣ್ಣೂ ಅಲ್ಲ” ಅನ್ನುತ್ತಿದ್ದೆ ನಾನು. ರೊಟ್ಟಿಗೆ ಸವರಿ ಉಳಿದ ನೀರನ್ನು ದಿನಾ ಆ ಮೆಟ್ಟಿಲ ಮೂಲೆಗೇ ಚೆಲ್ಲುತ್ತಿದ್ದವಳೂ ನಾನೇ.

ಒಂದು ಮಳೆಗಾಲದ ಬೆಳಿಗ್ಗೆ ಅವರು ಅಲ್ಲೇ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಉಳ್ಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅವರಿಗೆ ಪೆನ್ಷನ್ ಇರಲಿಲ್ಲ, ಕೂಡಿಟ್ಟದ್ದೇ ಕರಗಬೇಕು.

ಮೊಮ್ಮಗಳು ನಮ್ಮ ಮನೆಯ ವಿಮೆಯ ಕಾಗದ ಓದಿದಳು. “ಅಮ್ಮೂಮ್ಮಾ, ಗೆಸ್ಟ್ ಬಿದ್ರೆ ಕೊಡ್ತಾರೆ. ಕಚ್ಚವಡಂ ಆದ್ರೆ ಇಲ್ಲ” ಅಂದಳು. ಕಚ್ಚವಡಂ ಅಂದರೆ ಮಲಯಾಳದಲ್ಲಿ ವ್ಯಾಪಾರ. ನನಗೆ ಅಷ್ಟೇ ಸಾಕಾಗಿತ್ತು. ಆಸ್ಪತ್ರೆಗೆ ಓಡಿದೆ.

“ವಿಮಾದಾಂವ ಬರ್ತಾನ್ರಿ. ಪಾವಣೇರಾಗಿ ಬಂದಿದ್ದೆ, ಹಂಗ ಮಾತಾಡಿಸಿಕೊಂಡು ಹೋಗಾಕ ಬಂದಿದ್ದೆ ಅನ್ರಿ. ಎಲ್ಲಾ ಖರ್ಚು ಅವ್ರ ಕೊಡ್ತಾರ.”

ಮಧ್ಯಾಹ್ನ ವಿಮೆಯ ಹುಡುಗ ಫೈಲು ಹಿಡಿದು ಬಂದ. ಆ ಮನೆಗೆ ಯಾಕೆ ಹೋಗಿದ್ದಿರಿ ಎಂದು ಕೇಳಿದ. ಆಡಿಟಮ್ಮ ಚೊಕ್ಕ ಮಲಯಾಳದಲ್ಲಿ ಹೇಳಿದರು: ರೊಟ್ಟಿ ಕೊಳ್ಳಲು ಹೋಗಿದ್ದೆ, ಎಂಟು ವರ್ಷದಿಂದ ಕೊಳ್ಳುತ್ತಿದ್ದೇನೆ, ಇವರು ಅಲ್ಲಿ ವ್ಯಾಪಾರ ಮಾಡುತ್ತಾರೆ. ಅವನು ಬರೆದುಕೊಂಡು ಫೈಲು ಮುಚ್ಚಿದ.

ನನ್ನ ಮೈಯೆಲ್ಲ ಉರಿಯಿತು. “ಎಂಟು ವರ್ಷರೀ! ಒಂದು ದಿನಾ, ಒಂದ ಒಂದು ದಿನಾ ನಮ್ಮ ಪಾವಣೇರು ಅನ್ನಿಸಿಕೊಳ್ಳಾಕ ಆಗಲಿಲ್ಲಲ್ರಿ ನಿಮಗ? ಅಷ್ಟು ಕೀಳಾತೇನು ನಮ್ಮ ಮನಿ?”

“ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಮುಂದೆ ಕೂರ್ತೀರಲ್ಲ, ಅದೇನು ಆಟಾನಾ?” ಅಂದರು ಮೆಲ್ಲಗೆ. “ಅದು ನಿಮ್ಮ ಕೆಲಸ. ನನ್ನ ಸೊಂಟಕ್ಕೋಸ್ಕರ ಅದನ್ನ ಇಲ್ಲ ಅನ್ಲಾ?”

ನನಗೆ ಆ ಮಾತು ತಲೆಗೆ ಹತ್ತಲಿಲ್ಲ. ಎದ್ದು ಬಂದೆ. ಮತ್ತೆ ಹೋಗಲಿಲ್ಲ.

ಮನೆಗೆ ಬಂದ ಮೇಲೂ ಅವರು ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ಆದರೆ ವಾರಕ್ಕೊಮ್ಮೆ ಅವರ ಹೋಂ ನರ್ಸ್ ಅವರು ತರುತ್ತಿದ್ದ ಬಟ್ಟೆ ಚೀಲ, ಸರಿಯಾದ ಚಿಲ್ಲರೆ ಹಿಡಿದು ಬರುತ್ತಿದ್ದಳು. ಹತ್ತು ರೊಟ್ಟಿ. ನಾನು ಹೇಗಿದ್ದಾರೆ ಎಂದು ಕೇಳದೆ ಎಣಿಸಿ ಕೊಡುತ್ತಿದ್ದೆ. ಈಗ ಸಾರಿನಲ್ಲಿ ನೆನೆಸಿ ಎರಡು ತುತ್ತು ತಿಂದರೆ ಹೆಚ್ಚು ಎಂದು ಅವಳೇ ಒಮ್ಮೆ ಹೇಳಿದಳು. ಆಗಲೂ ಹೋಗಲಿಲ್ಲ. ಇಂಥ ಮೊಂಡಿ ನಾನು.

ಓಣಂ ಹತ್ತಿರ ಬಂದಾಗ ಚೀಲದೊಳಗೆ ಒಂದು ಕಾಗದ ಬಂತು. ಮನೆಯ ವ್ಯಾಪಾರದ ವಿಮೆಯ ಫಾರಂ. ಮೊಮ್ಮಗಳು ಓದಿದಳು. ನನ್ನ ಹೆಸರು, ವಿಳಾಸ, ಎಲ್ಲ ಅವರೇ ತುಂಬಿದ್ದರು. ಮಲಗಿಕೊಂಡು ಬರೆದ ಅಕ್ಷರ, ಸಾಲು ಕೆಳಗೆ ಜಾರಿತ್ತು. ಉದ್ಯೋಗ ಅನ್ನುವಲ್ಲಿ ಜೋಳದ ರೊಟ್ಟಿ ತಯಾರಿಸಿ ಮಾರುವುದು ಎಂದಿತ್ತು. ಸಹಿಯ ಜಾಗದಲ್ಲಿ ಪೆನ್ಸಿಲಿನ ಸಣ್ಣ ಗುರುತು. ನಾನು ಅದನ್ನು ಮಡಚಿ ಹಿಟ್ಟಿನ ಡಬ್ಬಿಯ ಅಡಿಗೆ ತುರುಕಿದೆ.

ಮುಂದಿನ ವಾರ ನರ್ಸ್ ಬರಿಗೈಯಲ್ಲಿ ಬಂದಳು. ಅವಳ ಮುಖ ನೋಡಿಯೇ ತಿಳಿಯಿತು.

ನಾನು ಅಳಲಿಲ್ಲ. ಅಳುವುದಕ್ಕೆ ನನಗೇನು ಹಕ್ಕಿತ್ತು? ಡಬ್ಬಿ ಎತ್ತಿ ಕಾಗದ ತೆಗೆದು, ಪೆನ್ಸಿಲಿನ ಗುರುತಿನ ಮೇಲೆ ಸಹಿ ಹಾಕಿದೆ. ನನಗೆ ಬರೆಯಲು ಬರುವುದು ನನ್ನ ಹೆಸರೊಂದೇ. ಆಮೇಲೆ ಅವರಿಗೆಂದು ಎತ್ತಿಟ್ಟಿದ್ದ ಹತ್ತು ರೊಟ್ಟಿ ಕಟ್ಟಿಕೊಂಡು ಅವರ ತಮ್ಮನ ಮನೆಗೆ ನಡೆದೆ.

ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದರು. ನನ್ನ ಗುರುತು ಅವರಿಗಿರಲಿಲ್ಲ.

“ಅವರಿಗೆ ನೀವೇನಾಗಬೇಕು? ನೆಂಟರಾ?”

“ಅಲ್ರಿ,” ಅಂದೆ. “ನಾ ರೊಟ್ಟಿ ವ್ಯಾಪಾರ ಮಾಡಾಕಿ. ಅವ್ರು ನನ್ನ ಗಿರಾಕಿ.”

ಒಳಗೆ ಬನ್ನಿ ಎಂದು ಕರೆದರು. ನಾನು ಮೆಟ್ಟಿಲ ಮೇಲೇ ನಿಂತೆ.