ಅಮ್ಮ ಕಂಡದ್ದು, ಅಮ್ಮ ಕೇಳಿದ್ದು

ತೊಂಬತ್ತರ ದಶಕದ ನಡುವಿನಲ್ಲಿ ಉಜಿರೆಯ ನಮ್ಮ ಮನೆಯ ಮಾಳಿಗೆಯಲ್ಲಿ ಸುಡಾನ್ ದೇಶದ ಒಬ್ಬ ವಿದ್ಯಾರ್ಥಿ ಬಾಡಿಗೆಗಿದ್ದ. ಕೆಳಗೆ ಅಮ್ಮ ಮತ್ತು ನಾನು, ಇಬ್ಬರೇ. ನಾವು ಜೈನರು, ಕತ್ತಲಾದ ಮೇಲೆ ಊಟ ಮಾಡುವವರಲ್ಲ. ಅವನು ಕಾಲೇಜಿನಿಂದ ಬರುವುದು ತಡವಾದರೆ ಅಮ್ಮ ತಾನು ಉಂಡು, ಅವನ ಪಾಲು ಮುಚ್ಚಿಟ್ಟು ಕಾಯುತ್ತಿದ್ದಳು. ಅವನು ತುಳು ಕಲಿತದ್ದೂ ಅಮ್ಮನ ಹತ್ತಿರವೇ.

ಒಂದು ಬೆಳಿಗ್ಗೆ ಅವನ ಊರಿನಿಂದ ಸುದ್ದಿ ಬಂತು. ಯುದ್ಧದಲ್ಲಿ ಹಳ್ಳಿ ಸುಟ್ಟುಹೋಗಿತ್ತು, ತಂದೆಯನ್ನು ಸೈನಿಕರು ಕೊಂದಿದ್ದರು. ಅವನು ಅದನ್ನು ಅಮ್ಮನಿಗೆ ಹೇಳಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅತ್ತ. ಓದು ಮುಗಿದರೂ ಊರಿಗೆ ಹೋಗುವಂತಿರಲಿಲ್ಲ. ಕೆನಡಾಕ್ಕೆ ಹೋಗಿ ಆಶ್ರಯ ಬೇಡಿದ.

ಅಲ್ಲಿನ ಅಧಿಕಾರಿಗಳು ಅವನ ಕಥೆಯನ್ನು ನಂಬಲಿಲ್ಲ. ಇನ್ನೊಮ್ಮೆ ವಿಚಾರ ಮಾಡಿ ಎಂದು ಕೇಳಲು ಹೊಸ ಸಾಕ್ಷಿ ಬೇಕಿತ್ತು. ಅಮ್ಮ ಕಂಡದ್ದನ್ನು ಪ್ರಮಾಣಪತ್ರವಾಗಿ ಬರೆಸಿ ಕಳಿಸಿ ಎಂದು ಅವನು ನಮಗೆ ಫೋನ್ ಮಾಡಿದ.

ಬಿ.ಸಿ.ರೋಡ್ ಪೇಟೆಯಲ್ಲಿ ನಮಗೆ ಪರಿಚಯದ ಬ್ಯಾರಿ ಮುಸಲ್ಮಾನ ವಕೀಲರೊಬ್ಬರಿದ್ದರು. ಅಮ್ಮ ಕತ್ತಲಾಗುವ ಮೊದಲು ಮನೆ ಸೇರಿ ಉಣ್ಣಬೇಕೆಂದು ಅವರೇ ಮಧ್ಯಾಹ್ನದ ಹೊತ್ತು ಗೊತ್ತು ಮಾಡಿದರು. ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದರು. "ಅವನ ತಂದೆಯನ್ನು ಸೈನಿಕರು ಕೊಂದರು" ಎಂಬಲ್ಲಿ ಅಮ್ಮ ತಡೆದಳು.

"ಅದು ನಾನು ಕಂಡದ್ದಲ್ಲ. ಅವನು ಹಾಗೆ ಹೇಳಿ ಅತ್ತದ್ದನ್ನು ಕಂಡಿದ್ದೇನೆ. ಹಾಗೆಯೇ ಬರೆಯಿರಿ."

"ಅದರಿಂದ ಅವನಿಗೆ ಬಲ ಕಡಿಮೆಯಾದೀತು ಅಮ್ಮ."

"ಆಗಲಿ. ಸುಳ್ಳು ಸೇರುವುದು ಬೇಡ."

ವಕೀಲರು ಆ ಸಾಲು ಹೊಡೆದು ಹಾಕಿ ಬೇರೆ ಬರೆದರು.

ಕೆಲವು ತಿಂಗಳ ಮೇಲೆ ಆ ಅರ್ಜಿಯೂ ಬಿದ್ದುಹೋಯಿತು. ಮನೆ ಬಾಡಿಗೆಗೆ ಕೊಟ್ಟವಳು ಅವನ ಪರವಾಗಿಯೇ ಮಾತಾಡುತ್ತಾಳೆ ಎಂದು ಅಧಿಕಾರಿಗಳು ಹೇಳಿದರಂತೆ. "ವಕೀಲರು ಹೇಳಿದ ಹಾಗೆ ಬಿಡಬೇಕಿತ್ತೋ ಏನೋ" ಎಂದು ಅಮ್ಮ ಒಮ್ಮೆ ಗೊಣಗಿದ್ದು ನನಗೆ ಕೇಳಿತು.

ಅವನು ಅಲ್ಲಿನ ಕೋರ್ಟಿಗೆ ಹೋದ. ಮುಂದಿನ ವರ್ಷ ಒಂದು ಬೆಳಿಗ್ಗೆ ಅವನ ಫೋನ್ ಬಂತು. ಈ ಹೆಂಗಸು ಕಂಡದ್ದನ್ನೂ ಕೇಳಿದ್ದನ್ನೂ ತಾನೇ ಬೇರೆ ಮಾಡಿ ಹೇಳಿದ್ದಾಳೆ, ಇಂಥ ಮಾತನ್ನು ತೂಗಿ ನೋಡದೆ ತಳ್ಳಿದ್ದು ತಪ್ಪು ಎಂದು ನ್ಯಾಯಾಧೀಶರು ಬರೆದಿದ್ದರಂತೆ. ಅಧಿಕಾರಿಗಳು ಅರ್ಜಿಯನ್ನು ಮತ್ತೆ ವಿಚಾರಿಸಬೇಕಾಯಿತಂತೆ. ಈ ಸಲ ನಂಬಿದರಂತೆ. ಆಶ್ರಯ ಸಿಕ್ಕಿತ್ತು.

ಫೋನ್ ಎತ್ತಿದ್ದು ಅಮ್ಮ. "ನೀನು ಹೇಳು" ಎಂದು ರಿಸೀವರ್ ನನ್ನ ಕೈಗೆ ಕೊಟ್ಟಳು. ಆ ಕಡೆ ಅವನು ತುಳುವಿನಲ್ಲಿ ಮಾತಾಡುತ್ತ, ನಗುತ್ತಲೇ ಅಳುತ್ತಿದ್ದ.

ಅದೇ ದಿನ ಅಮ್ಮ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೊರಟಳು, ನಾನೂ ಜೊತೆಗೆ. ಸುದ್ದಿ ಕೇಳಿ ವಕೀಲರು ಕುರ್ಚಿಯಿಂದ ಎದ್ದುಬಿಟ್ಟರು.

"ನಾನೇನು ಮಾಡಿದ್ದೇನೆ ಅಮ್ಮ? ನೀವು ಹೇಳಿದ್ದನ್ನು ಬರೆದೆ, ಅಷ್ಟೇ."

"ಹೇಳಿದ ಹಾಗೆಯೇ ಬರೆದಿರಲ್ಲ" ಎಂದು ಅಮ್ಮ ಕೈ ಮುಗಿದಳು. ನಾನು ಅವಳ ಹಿಂದೆ ನಿಂತು, ಇಬ್ಬರಿಗೂ ಸೇರಿಸಿ ಮುಗಿದೆ.