ಸೈಮೋನಿ ಮನೆಯ ಕಿಟಕಿ ಪರದೆ

"ಇಪ್ಪತ್ತೈದೇ ಇರೋದು ಆಜಿ. ಮೂರ್ ಸಲ ಎಣಿಸಿದೆ."

"ನಾಲ್ಕನೇ ಸಲ ಎಣಿಸು. ಅಷ್ಟು ದೊಡ್ಡ ಕಾಲೇಜಿಗೆ ಹೋಗ್ತೀಯ, ಇಪ್ಪತ್ತಾರರ ತನಕ ಎಣಿಸೋದು ಹೇಳ್ಕೊಟ್ಟಿಲ್ವಾ ಅಲ್ಲಿ?"

ನಾಲ್ಕನೇ ಸಲವೂ ಎಣಿಸಿದೆ. ಹಗ್ಗದ ಮೇಲೆ ಸಾಲಾಗಿ ಬಿಳಿ ಕೋಟುಗಳು, ಎಲ್ಲಕ್ಕೂ ಮರೂನ್ ಕಾಲರು, ಮರೂನ್ ತೋಳಂಚು, ಇಪ್ಪತ್ತೈದು. ಬಾಗಿಲ ಪಕ್ಕದ ಮೊಳೆ ಮಾತ್ರ ಬೋಳು. ಅಲ್ಲಿ ತೂಗುತ್ತಿರಬೇಕಾದದ್ದು ಇಲಾಯ್ಸಾನ ಕೋಟು. ನಾಸೆಲೆ ಊರಿನವರ ಹಾಡಿನ ತಂಡದ ಮುಂದೆ ನಿಂತು ಕೈಯಾಡಿಸಿ ಹಾಡಿಸುವವನೇ ಇಲಾಯ್ಸಾ, ಅವನಿಗೇ ಕೋಟಿಲ್ಲ! ಅವತ್ತು ಗುರುವಾರ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತೂರಾಕಿನ ಮೈದಾನದಲ್ಲಿ ಚರ್ಚುಗಳ ಹಾಡಿನ ಸ್ಪರ್ಧೆ.

ಕುಪ್ಪಮ್ಮ ಆಜಿ ಹೊಲಿಗೆ ಮಿಷನ್ನಿನ ಕೆಳಗೆ ಬಗ್ಗಿ ನೋಡಿದಳು, ಚಿಂದಿ ಬಟ್ಟೆಯ ಮೂಟೆ ಬಿಚ್ಚಿ ನೋಡಿದಳು, ಕೊನೆಗೆ ಮರಗೆಣಸು ಬೇಯುತ್ತಿದ್ದ ಪಾತ್ರೆಯ ಮುಚ್ಚಳವನ್ನೂ ತೆಗೆದು ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ, ಅವಳು ಅಳತೆಪಟ್ಟಿಯಿಂದ ನನ್ನ ಬೆನ್ನಿಗೊಂದು ಬಿಟ್ಟಳು.

ನಾನು ಅವಳ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವವಳು. ಆದರೆ ಕೋಣೆಯಲ್ಲಿ ಇರುವುದು ಮಲಗುವಾಗ ಮಾತ್ರ, ಉಳಿದ ಹೊತ್ತೆಲ್ಲ ಕೆಳಗೇ. ಯಾಕೆಂದರೆ ಕೆಳಗಿನಷ್ಟು ಮಜಾ ಈ ಸುವಾ ಪಟ್ಟಣದಲ್ಲಿ ಇನ್ನೆಲ್ಲೂ ಇಲ್ಲ! ಆಜಿ ಹುಟ್ಟಿದ್ದು ಲಂಬಾಸಾದ ಕಬ್ಬಿನ ಗದ್ದೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ, ಹಡಗಿನಲ್ಲಿ ವಾಂತಿ ಮಾಡಿಕೊಂಡು ಮಾಡಿಕೊಂಡು ಈ ಗುಡ್ಡದ ಮೇಲಿನ ಮರದ ಮನೆಗೆ ಬಂದಳು. ಗಂಡ ಗೋವಿಂದನ್ ದರ್ಜಿ. ಅವನಿಂದ ಗಂಡಸರು ಸೊಂಟಕ್ಕೆ ಸುತ್ತುವ ಸುಲುವಿಗೆ ಜೇಬು ಕೂರಿಸುವುದನ್ನು ಕಲಿತಳು, ಎರಡೇ ವರ್ಷಕ್ಕೆ ಅವನಿಗಿಂತ ಚೆನ್ನಾಗಿ ಕೂರಿಸಿದಳು. "ಅವರು ಒಪ್ಪಲಿಲ್ಲ, ಆದ್ರೆ ಅವರ ಸುಲು ಮಾತ್ರ ನನ್ ಕೈಲೇ ಹೊಲಿಸ್ಕೊಳ್ತಿದ್ರು," ಎನ್ನುತ್ತಾಳೆ. ಅವನು ಹೋಗಿ ಹನ್ನೆರಡು ವರ್ಷವಾಯಿತು.

ಹಾಡುವವರ ಅಳತೆಯನ್ನು ಅವಳು ಸುಮ್ಮನೆ ನಿಲ್ಲಿಸಿ ತೆಗೆಯುವುದಿಲ್ಲ. "ಹಾಡು" ಎನ್ನುತ್ತಾಳೆ. ಅವನು ಎದೆ ತುಂಬ ಉಸಿರೆಳೆದು ಉದ್ದದ ಸ್ವರವೊಂದನ್ನು ಹಿಡಿಯಬೇಕು, ಆ ಹೊತ್ತಿಗೆ ಪಟ್ಟಿ ಸುತ್ತುತ್ತಾಳೆ. ಅಳತೆಯ ದಿನ ಬೀದಿಯವರೆಲ್ಲ ಅಂಗಡಿ ಮುಂದೆ ಬಂದು ಕೂರುತ್ತಾರೆ. ಅವಳ ಕೋಟು ಹಾಕಿದವನ ಗುಂಡಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಕಿತ್ತುಬಂದಿಲ್ಲ. ಒಳಗಡೆ ಎದೆಯ ಹತ್ತಿರ ಪುಟ್ಟ ಜೇಬು ಬೇರೆ, ಗಂಟಲಿಗೆ ಪೆಪ್ಪರಮಿಂಟು ಇಟ್ಟುಕೊಳ್ಳಲು.

ಅಷ್ಟರಲ್ಲಿ ಇಲಾಯ್ಸಾನೇ ಕೋಟು ತೆಗೆದುಕೊಂಡು ಹೋಗಲು ಬಂದ. ವಿಷಯ ಹೇಳಲು ಆಜಿ ಬಾಯಿ ತೆರೆದಳು, ಹೊರಗೆ ಪೋಂ ಪೋಂ ಎಂದು ಬಸ್ಸಿನ ಸದ್ದು. ಗಾಜಿಲ್ಲದ ಕಿಟಕಿಯಿಂದ ಡ್ರೈವರನ ದಪ್ಪ ಕೈಯೊಂದು ಚಾಚಿತ್ತು. ಬಿಳಿ ತೋಳು, ಮರೂನ್ ಅಂಚು!

"ಏಯ್ ನಾಸೆಲೆ ಕಪ್ಪೆಗಳಾ! ಕೋಟು ಸ್ವಲ್ಪ ಬಿಗಿ ಆಯ್ತು ಕಣ್ರೋ!" ಎಂದು ಕೂಗುತ್ತಾ ಸೈಮೋನಿ ಬಸ್ಸು ಓಡಿಸಿಕೊಂಡು ಹೋದ. ಬಸ್ಸಿನೊಳಗಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಇಲಾಯ್ಸಾ ಹಣೆ ಚಚ್ಚಿಕೊಂಡು ನಕ್ಕ. ನಗದೆ ಬೇರೆ ದಾರಿಯಿಲ್ಲ. ಸೈಮೋನಿ ವುನಿತಾರದವನು, ಇವನು ನಾಸೆಲೆಯವನು, ಎರಡೂ ಊರಿನ ಮೂಲದೇವರು ಒಂದೇ. ಆದ್ದರಿಂದ ಎರಡೂ ಊರಿನವರು ಒಬ್ಬರಿಗೊಬ್ಬರು ತೌವು. ತೌವು ಎಂದಮೇಲೆ ಬಾಯಿಗೆ ಬಂದಂತೆ ಬೈಯಬಹುದು, ಹೇಳದೆ ಕೇಳದೆ ಏನನ್ನಾದರೂ ಹೊತ್ತೊಯ್ಯಬಹುದು. ಕಳೆದುಕೊಂಡವನು ವಾಪಸ್ ಕೇಳುವಂತಿಲ್ಲ. ಸಿಟ್ಟು ಬಂತೋ, ಇಡೀ ಊರಿನ ಮಾನ ಹೋಯಿತು.

"ನಾನು ಹಳೇ ಕೋಟು ಹಾಕ್ಕೋತೀನಿ ಬಿಡಿ ಆಜಿ," ಎಂದ ಇಲಾಯ್ಸಾ.

"ಹಳೇದಾ? ಇಪ್ಪತ್ತೈದು ಜನ ಒಂದು ಥರ, ಮುಂದೆ ನಿಂತಿರೋನು ಇನ್ನೊಂದು ಥರ? ನೋಡಿದೋರು ಏನಂತಾರೆ? ಕುಪ್ಪಮ್ಮಂಗೆ ವಯಸ್ಸಾಯ್ತು, ಒಂದು ಕೋಟು ಕಮ್ಮಿ ಹೊಲಿದ್ಲು ಅಂತಾರೆ!"

ಬಿಳಿ ಬಟ್ಟೆ ಬೇಕಾದಷ್ಟಿತ್ತು. ಮರೂನ್ ಮಾತ್ರ ಒಂದು ಗೇಣೂ ಉಳಿದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನು ಕ್ಲಾಸು ತಪ್ಪಿಸಿ ಕಮಿಂಗ್ ಬೀದಿಯ ಅಂಗಡಿ ಅಂಗಡಿಗೂ ತುಂಡು ಹಿಡಿದು ಓಡಿದೆ. ಒಂದು ಕಡೆ ಬದನೆಕಾಯಿ ಬಣ್ಣ, ಇನ್ನೊಂದು ಕಡೆ ಇಟ್ಟಿಗೆ ಬಣ್ಣ, ನಮ್ಮದು ಎಲ್ಲೂ ಇಲ್ಲ. ಆ ಬಟ್ಟೆಯ ಥಾನು ಮುಗಿದು ತಿಂಗಳಾಯಿತಂತೆ.

ಮಧ್ಯಾಹ್ನ ಆಜಿ ಸೀರೆ ಬದಲಿಸಿ, ಕತ್ತರಿ ಯಾವಾಗಲೂ ಇರುವ ಚೀಲ ಹೆಗಲಿಗೇರಿಸಿದಳು. "ನಡಿ. ಅವನ ಮನೆಗೆ."

"ಆಜಿ, ಕೇಳೋ ಹಾಗಿಲ್ವಲ್ಲ?"

"ನಾಸೆಲೆಯವರು ಕೇಳೋ ಹಾಗಿಲ್ಲ. ಕೋಟು ಇನ್ನೂ ಅವರ ಕೈಗೆ ಕೊಟ್ಟಿರ್ಲಿಲ್ಲ, ನನ್ನ ಮೊಳೆ ಮೇಲಿತ್ತು. ಅದು ನನ್ ಕೋಟು. ನಾನೇನು ಅವನ ತೌವು ಅಲ್ವಲ್ಲ?"

ಎಂಥ ಬುದ್ಧಿ! ವಕೀಲೆಯಾಗಬೇಕಿತ್ತು ಇವಳು ಎಂದುಕೊಳ್ಳುತ್ತಾ ನಾನು ಗುಡ್ಡ ಹತ್ತಿದೆ.

ಸೈಮೋನಿ ಚಾಪೆಯ ಮೇಲೆ ಕೂತು, ಕುಡಿಯಲು ಯಂಗೋನ ಬೇರಿನ ಪುಡಿಯನ್ನು ಮರದ ಬಟ್ಟಲಿನ ನೀರಿನಲ್ಲಿ ಹಿಂಡುತ್ತಿದ್ದ, ಮೈಮೇಲೆ ಕೋಟು ಹಾಗೇ ಇತ್ತು. ಆಜಿಗೆ ಮೊದಲ ತೆಂಗಿನ ಚಿಪ್ಪು ತುಂಬಿ ಕೊಟ್ಟ. ಆಜಿ ಒಂದು ಸಲ ಚಪ್ಪಾಳೆ ತಟ್ಟಿ, ಒಂದೇ ಗುಕ್ಕಿಗೆ ಕುಡಿದು, ಚಿಪ್ಪು ವಾಪಸ್ ಕೊಟ್ಟು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾದವನ್ನು ಮಂಡಿಸಿದಳು.

ಸೈಮೋನಿ ತಲೆ ಕೆರೆದುಕೊಂಡ. "ಸರಿಯಾಗೇ ಹೇಳಿದ್ರಿ ಆಜಿ. ನೀವು ಹೊರಗಿನೋರಾದ್ರೆ ನಾನು ಮಾಡಿದ್ದು ಕಳ್ಳತನ. ಈಗಲೇ ನೆಲದ ಮೇಲೆ ಕೂತು, ಬೇರಿನ ಕಟ್ಟು ಮುಂದಿಟ್ಟು, ತಪ್ಪಾಯ್ತು ಅಂತ ಬೇಡ್ಕೊಂಡು ಕೋಟು ಕೊಡ್ತೀನಿ. ಒಂದೇ ಒಂದು ಮಾತು ಹೇಳ್ಬಿಡಿ. ನಾನು ನಾಸೆಲೆಯವಳಲ್ಲ ಅಂತ."

ಆಜಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹೇಳಿದರೆ ಕೋಟು ಕೈಗೆ ಬರುತ್ತದೆ, ಎರಡೇ ಪದ! ಆದರೆ ಗೋವಿಂದನ್ ಹೋದಾಗ ಚಾಪೆಗಳ ಸುರುಳಿ ಹೊತ್ತು ತಂದು ಹತ್ತು ದಿನ ಅವಳ ಮನೆಯಲ್ಲೇ ಕೂತಿದ್ದವರು ನಾಸೆಲೆಯ ಹೆಂಗಸರು. ಯಾವ ಮದುವೆಯಾದರೂ ಅವಳಿಗೆ ಮೊದಲೇ ಎಲೆಯಲ್ಲಿ ಊಟ ಕಟ್ಟಿಡುವವರು ಅವರು. ನೀನು ನಮ್ಮವಳು ಎಂದು ಅವರೂ ಬಾಯಿಬಿಟ್ಟು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಈಗ ಈ ಗಡವ ಕೇಳುತ್ತಿದ್ದಾನೆ, ಅದೂ ಅವಳೇ ಹೊಲಿದ ಕೋಟು ಹಾಕಿಕೊಂಡು!

"ಕೋಟು ನೀನೇ ಇಟ್ಕೊ," ಎಂದಳು ಆಜಿ ನಿಧಾನವಾಗಿ. "ನಾನು ನಾಸೆಲೆಯವಳೇ ಕಣೋ, ವುನಿತಾರದ ಹಂದೀ!"

ಸೈಮೋನಿ ತೊಡೆ ತಟ್ಟಿಕೊಂಡು ನಕ್ಕ. ಆಜಿ ನಗಲಿಲ್ಲ. ಅವಳ ಕಣ್ಣು ಅವನ ಹಿಂದಿನ ಕಿಟಕಿಯ ಮೇಲಿತ್ತು. ನಾನೂ ನೋಡಿದೆ. ಅಯ್ಯೋ ದೇವರೇ! ಅಲ್ಲಿ ನೆಲದವರೆಗೆ ಇಳಿಬಿದ್ದಿತ್ತು ಪರದೆ, ಅಚ್ಚ ಮರೂನ್! ನಮ್ಮದೇ ಥಾನಿನದು!

ಆಜಿ ಸ್ಟೂಲು ಎಳೆದು ಹತ್ತಿದಳು. ಚೀಲದಿಂದ ಕತ್ತರಿ ಬಂತು. ಚರಕ್, ಚರಕ್.

"ಆಜಿ, ಆಜಿ, ಅದು ಲೋಸಾಲಿನಿ ಹೋದ ತಿಂಗಳು ತಾನೇ..."

"ಯಾಕಪ್ಪಾ, ಸಿಟ್ಟು ಬಂತಾ?"

"ಇಲ್ಲ ಇಲ್ಲ! ಎಲ್ಲಿ ಸಿಟ್ಟು? ನಗ್ತಾ ಇದ್ದೀನಲ್ಲ!" ಎಂದ ಸೈಮೋನಿ ಅಳುಮೋರೆಯಲ್ಲಿ.

ಅಡುಗೆಮನೆಯಿಂದ ಅವನ ಹೆಂಡತಿ ಲೋಸಾಲಿನಿ ಓಡಿಬಂದಳು. ಖಾಲಿ ಕಿಟಕಿ ನೋಡಿದಳು, ಸ್ಟೂಲಿನ ಮೇಲೆ ಆಜಿಯನ್ನು ನೋಡಿದಳು, ಗಂಡನ ಮುಖ ನೋಡಿದಳು. "ಸೋಬೋ!" ಎಂದವಳೇ ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಕದೀರಿ ಕೋಟು, ಇನ್ನೂ ಕದೀರಿ! ಆಜಿ, ಸ್ಟೂಲು ಅಲ್ಲಾಡುತ್ತೆ, ಹುಷಾರು, ನಾನು ಹಿಡ್ಕೋತೀನಿ." ಹಿಡಿದುಕೊಂಡಳು ಕೂಡ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೋಟು ಮೊಳೆಯ ಮೇಲಿತ್ತು. ಗುಂಡಿ ಹೊಲಿದವಳು ನಾನು!

ಶನಿವಾರ ಮೈದಾನದಲ್ಲಿ ಇಲಾಯ್ಸಾ ಕೈ ಎತ್ತಿದ. ಇಪ್ಪತ್ತೈದು ಎದೆಗಳು ಒಟ್ಟಿಗೆ ಉಬ್ಬಿದವು. ಆಮೇಲೆ ಬಂದ ದನಿಗೆ ನನ್ನ ತೋಳಿನ ಕೂದಲೆಲ್ಲ ಎದ್ದು ನಿಂತವು. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ಗೊತ್ತು, ಅವನ ತೋಳಂಚಿನಲ್ಲಿ ಪರದೆಯ ಕೊಂಡಿ ಚುಚ್ಚಿದ ಎರಡು ಸಣ್ಣ ತೂತು. ಆಜಿ ಹಾಡು ಕೇಳಲೇ ಇಲ್ಲ, ಗುಂಡಿಗಳನ್ನೇ ನೋಡುತ್ತಿದ್ದಳು. ಒಂದೂ ಕಿತ್ತುಬರಲಿಲ್ಲ.

ಕಿತ್ತುಬಂದದ್ದು ನಮ್ಮ ಹಿಂದಿನ ಸಾಲಿನಲ್ಲಿ. ಬಿಗಿ ಕೋಟು ಹಾಕಿಕೊಂಡು ಬಂದಿದ್ದ ಸೈಮೋನಿ ಎದ್ದು ನಿಂತು, "ನೋಡ್ರಪ್ಪಾ, ನನ್ ಕಿಟಕಿ ಪರದೆ ಎಷ್ಟು ಚೆನ್ನಾಗಿ ಹಾಡಿಸ್ತಾ ಇದೆ!" ಎಂದು ಕೂಗಿದ, ಪಟ್ ಎಂದು ಗುಂಡಿ ಹಾರಿ ಆಜಿಯ ಮಡಿಲಿಗೆ ಬಿತ್ತು.

"ಅದಕ್ಕೇ ಹಾಡಿಸಿ ಅಳತೆ ತಗೋಬೇಕು ಅನ್ನೋದು," ಎಂದಳು ಆಜಿ ತಿರುಗದೆಯೇ.

ನಾಸೆಲೆಯವರಿಗೆ ಎರಡನೇ ಬಹುಮಾನ ಬಂತು. ಗದ್ದಲದಲ್ಲಿ ಎಲ್ಲರೂ ಎಲ್ಲರನ್ನೂ ತಬ್ಬಿಕೊಂಡರು, ಮಳೆ ಹನಿಯತೊಡಗಿತು. ಆಜಿ ಕಾಲ ಹತ್ತಿರ ಕೈಯಾಡಿಸಿದಳು. ಛತ್ರಿ ಇಲ್ಲ! ಗೇಟಿನ ಹತ್ತಿರ ಹೂವಿನ ಛತ್ರಿ ಬಿಚ್ಚಿಕೊಂಡು, ಸೊಂಟ ಕುಣಿಸುತ್ತಾ ಹೋಗುತ್ತಿದ್ದ ಸೈಮೋನಿ.

"ನನ್ ಛತ್ರಿ!" ಎಂದಳು ಆಜಿ. ಮಳೆಯಲ್ಲಿ ತೊಪ್ಪೆಯಾಗುತ್ತಿದ್ದವಳ ಮುಖದಲ್ಲಿ ಎಂಥ ನಗು ಅಂತೀರಿ! "ಇಲಾಯ್ಸಾ, ನೋಡೋ, ನನ್ ಛತ್ರಿನೂ ಕದ್ದ! ನಂದು!"

ನೆನೆಯುತ್ತಲೇ ಮನೆಗೆ ನಡೆದುಬಂದೆವು. ಅಂಗಡಿಯ ಮೆಟ್ಟಿಲ ಹತ್ತಿರ ಸೆರಗು ಹಿಂಡುತ್ತಾ ಆಜಿ ಕೇಳಿದಳು, "ಗುರುವಾರ ನಿನ್ ಕಾಲೇಜು ಎಷ್ಟೊತ್ತಿಗೆ ಬಿಡುತ್ತೆ?"

"ಮೂರಕ್ಕೆ."

"ಮೂರೂವರೆಗೆ ಅವರ ಮನೆಗೆ ಹೋಗೋಣ. ಲೋಸಾಲಿನಿಗೆ ಹೊಸ ಪರದೆ ಹೊಲಿದಿಡ್ತೀನಿ, ಕೊಟ್ಟು ಬರೋಣ. ಪಾಪ, ಅವಳದೇನು ತಪ್ಪು?" ಒಂದು ಮೆಟ್ಟಿಲು ಹತ್ತಿ ತಿರುಗಿದಳು. "ದೊಡ್ಡ ಚೀಲ ತಗೋ. ಅವನ ಆ ಯಂಗೋನ ಬಟ್ಟಲು ನನಗೆ ಮೊದಲಿಂದ್ಲೂ ಇಷ್ಟ."